ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನಾನು ಮಾಡಿದ ಒಂದು ತಪ್ಪು ಯಾರಿಗೂ ಗೊತ್ತಿಲ್ಲ. ಅದರಿಂದ ಈವರೆಗೆ ಯಾರಿಗೂ ಹಾನಿಯಾಗಿಲ್ಲ. ಮುಂದೆಯೂ ಆಗದೇ ಹೋಗಬಹುದು. ಅಂಥ ತಪ್ಪನ್ನು ಬಾಯಿಬಿಟ್ಟು ಹೇಳಬೇಕಾದ ಕರ್ತವ್ಯ ನನಗಿದೆಯೇ? ಹೀಗೆ ಕೇಳಿದರೆ ನಾವೆಲ್ಲರೂ ತಡಮಾಡದೆ ‘ಹೌದು’ ಎಂದುಬಿಡುತ್ತೇವೆ. ಕೈಯಲ್ಲಿ ಮುಂಗಡದ ಹಣವಿರುವಾಗ, ಎದುರಿಗೆ ನಮ್ಮ ಮಾತನ್ನು ನಂಬಿದ ಮನುಷ್ಯನಿರುವಾಗ ಆ ‘ಹೌದು’ ಎಷ್ಟು ಭಾರವಾಗುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಒಂದು ಹಳೆಯ ಕಾರು.

ಅದು 1984ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ 1970ರ ದಶಕದಲ್ಲಿ ‘ಪದ್ಮಿನಿ’ ಎಂಬ ಹೆಸರು ಬಂತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರ್‌ವರೆಗೂ ಬೀದಿಯಲ್ಲಿತ್ತು. ನಮ್ಮ ಮನೆಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಆದರೂ ಅದು ಗಟ್ಟಿಮುಟ್ಟಾದ, ಪ್ರಾಮಾಣಿಕವಾದ ಯಂತ್ರ. ಅದರ ವಿದ್ಯುತ್ ವ್ಯವಸ್ಥೆಯಲ್ಲಿ ಮುಂದೆ ಕಾಣಿಸಿಕೊಂಡ ದೋಷಗಳು ಅದನ್ನು ಕಟ್ಟಿದವರಿಂದ ಬಂದವಲ್ಲ. ಕಾಲದಿಂದ ಬಂದವು, ಮತ್ತು ನನ್ನಿಂದ ಬಂದವು.

ಕತೆ ಅರ್ಥವಾಗಬೇಕಾದರೆ ಹಳೆಯ ಕಾರಿನೊಳಗೆ ವಿದ್ಯುತ್ತು ಹೇಗೆ ಸಂಚರಿಸುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಮನೆಯ ದೀಪಕ್ಕೆ ಎರಡು ತಂತಿಗಳು ಬರುತ್ತವೆ. ಕಾರಿನ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಹೊರಟ ಪ್ರವಾಹವು ಫ್ಯೂಸು, ಸ್ವಿಚ್ಚು, ತಂತಿಗಳ ಮೂಲಕ ಬಲ್ಬನ್ನು ತಲುಪುತ್ತದೆ. ಹಿಂದಿರುಗುವಾಗ ಅದಕ್ಕೆ ಬೇರೆ ತಂತಿಯಿಲ್ಲ. ಕಾರಿನ ಉಕ್ಕಿನ ಮೈಯೇ ಅದರ ಮರಳುವ ದಾರಿ. ಮೆಕ್ಯಾನಿಕರು ಇದನ್ನು ‘ಅರ್ಥ್’ ಎನ್ನುತ್ತಾರೆ. ದೀಪದ ಬಳಿ ಒಂದು ಸಣ್ಣ ಬೋಲ್ಟಿನಿಂದ ಈ ಸಂಪರ್ಕವನ್ನು ಮೈಗೆ ಬಿಗಿದಿರುತ್ತಾರೆ. ಆ ಬೋಲ್ಟಿಗೆ ತುಕ್ಕು ಹಿಡಿದರೆ, ಅದರಡಿಯಲ್ಲಿ ಬಣ್ಣ ಅಥವಾ ಕೆಸರು ಸೇರಿದರೆ, ಹೋಗುವ ದಾರಿ ಸರಿಯಿದ್ದರೂ ಬರುವ ದಾರಿ ಕಟ್ಟಿಕೊಳ್ಳುತ್ತದೆ. ಹಳೆಯ ಕಾರುಗಳ ವಿಚಿತ್ರ ಕಾಯಿಲೆಗಳಲ್ಲಿ ಅನೇಕವು ಇಲ್ಲಿಂದಲೇ ಹುಟ್ಟುತ್ತವೆ. ಬ್ರೇಕು ಒತ್ತಿದರೆ ಇಂಡಿಕೇಟರ್ ನಿಲ್ಲುತ್ತದೆ. ಒಂದು ದೀಪ ಹಾಕಿದರೆ ಇನ್ನೊಂದು ಮಂದವಾಗಿ ಉರಿಯುತ್ತದೆ. ತನ್ನ ದಾರಿ ಮುಚ್ಚಿದಾಗ ಪ್ರವಾಹವು ಪಕ್ಕದ ಬಲ್ಬಿನ ಮೂಲಕ ನುಸುಳಿ ಹೊರಬರಲು ನೋಡುತ್ತದೆ. ಆಗ ನಾವು ಕೆಟ್ಟಿರದ ಬಲ್ಬನ್ನು ಬದಲಾಯಿಸುತ್ತೇವೆ.

ಇನ್ನು ಫ್ಯೂಸು. ಇದು ದೀಪವನ್ನು ಕಾಪಾಡಲು ಇದೆ ಎಂದು ನಮ್ಮಲ್ಲಿ ಹೆಚ್ಚಿನವರು ಎಣಿಸಿದ್ದೇವೆ. ನಿಜವಾಗಿ ಅದು ಕಾಪಾಡುವುದು ತಂತಿಯನ್ನು. ತಂತಿಯು ತಾಳಬಲ್ಲದ್ದಕ್ಕಿಂತ ಹೆಚ್ಚು ಪ್ರವಾಹ ಹರಿದರೆ ಅದು ಕಾಯುತ್ತದೆ, ಹೊದಿಕೆ ಕರಗುತ್ತದೆ, ಕೊನೆಗೆ ಬೆಂಕಿ ಹತ್ತುತ್ತದೆ. ಅದಕ್ಕೆ ಮೊದಲೇ ಫ್ಯೂಸು ತಾನು ಸುಟ್ಟು ದಾರಿಯನ್ನು ಕಡಿಯುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ, ಕಾಲಡಿಯ ಮ್ಯಾಟಿನ ಕೆಳಗೆ, ಪೆಟ್ರೋಲಿನ ಕೊಳವೆಗೆ ಹತ್ತಿರದಲ್ಲಿ ಕಣ್ಣಿಗೆ ಕಾಣದಂತೆ ಮಲಗಿರುವ ತಂತಿಯನ್ನೂ, ಆ ಮೂಲಕ ಕಾರಿನಲ್ಲಿ ಕುಳಿತವರನ್ನೂ ಅದು ಕಾಯುತ್ತದೆ.

ನನ್ನ ಮೊದಲ ತಪ್ಪು ಬಹಳ ಸಣ್ಣದು. ಘಟ್ಟದ ಮಂಜಿನಲ್ಲಿ ದಾರಿ ಕಾಣಲೆಂದು ಕಾರಿನ ಮುಂದೆ ಎರಡು ಫಾಗ್ ಲ್ಯಾಂಪುಗಳನ್ನು ಹಾಕಿಸಿದೆ. ತಲಾ 55 ವ್ಯಾಟಿನವು. ಅವುಗಳಿಗೆ ಪ್ರತ್ಯೇಕ ತಂತಿ, ರಿಲೇ, ಫ್ಯೂಸು ಬೇಕೆಂದು ಕೆಲಸಗಾರ ಹೇಳಿದ. ಖರ್ಚು ಉಳಿಸಲೆಂದು ಎಡಗಡೆಯ ಹೆಡ್‌ಲೈಟಿನ ತಂತಿಯಿಂದಲೇ ಕವಲು ತೆಗೆಯಲು ನಾನೇ ಸೂಚಿಸಿದೆ. ಲೆಕ್ಕ ಕಷ್ಟದ್ದಲ್ಲ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 60 ವ್ಯಾಟಿನ ಹೆಡ್‌ಲೈಟಿಗೆ 5 ಆಂಪಿಯರ್; ಎರಡು ಫಾಗ್ ಲ್ಯಾಂಪಿಗೆ ಇನ್ನೂ 9. ಒಟ್ಟು 14. ಆ ದಾರಿಯ ಫ್ಯೂಸು 8 ಆಂಪಿಯರಿನದು. ಅದು ಸುಡಲೇಬೇಕಿತ್ತು, ಸುಟ್ಟಿತು.

2005ರ ಒಂದು ರಾತ್ರಿ, ಕಾಯಿಲೆಯಲ್ಲಿದ್ದ ಹಿರಿಯರೊಬ್ಬರನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಅದು ಎರಡು ಸಲ ಸುಟ್ಟಿತು. ಕೈಯಲ್ಲಿದ್ದ ಫ್ಯೂಸುಗಳು ಮುಗಿದವು. ಅಂಗಡಿಗಳು ಮುಚ್ಚಿದ್ದವು. ಮಳೆ ಸುರಿಯುತ್ತಿತ್ತು. ಟೂಲ್ ಪೆಟ್ಟಿಗೆಯಲ್ಲಿದ್ದ ತಾಮ್ರದ ತಂತಿಯ ತುಂಡೊಂದನ್ನು ಮಡಚಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದೆ. ದೀಪ ಹತ್ತಿತು. ನಾವು ಸಕಾಲಕ್ಕೆ ತಲುಪಿದೆವು. ಆ ರಾತ್ರಿ ನಾನು ಮಾಡಿದ್ದು ತಪ್ಪೇ? ಇಂದಿಗೂ ಹಾಗೆ ಹೇಳಲಾರೆ. ಫಾಗ್ ಲ್ಯಾಂಪನ್ನು ಆರಿಸಿ ನಿಧಾನವಾಗಿ ಹೋಗಬಹುದಿತ್ತು ಎಂಬುದು ಈಗ ಹೊಳೆಯುತ್ತದೆ, ಆಗ ಹೊಳೆಯಲಿಲ್ಲ. ತಪ್ಪಾದದ್ದು ಮರುದಿನ. ಬೆಳಗಾದ ಮೇಲೆ ಅಂಗಡಿ ತೆರೆದಿತ್ತು, ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಆದರೆ ದೀಪ ಉರಿಯುತ್ತಿತ್ತಲ್ಲ! ಒಂದು ರಾತ್ರಿಗೆಂದು ಹಾಕಿದ ತಂತಿ ನಾಲ್ಕು ವರ್ಷ ಅಲ್ಲೇ ಉಳಿಯಿತು. ನಮ್ಮ ಬದುಕಿನ ಎಷ್ಟೋ ಅಡ್ಡದಾರಿಗಳು ಹೀಗೆಯೇ ಆರಂಭವಾಗುತ್ತವೆಯಲ್ಲವೇ? ಇಕ್ಕಟ್ಟಿನಲ್ಲಿ ತೆಗೆದ ದಾರಿ ಇಕ್ಕಟ್ಟು ಕಳೆದ ಮೇಲೆಯೂ ರೂಢಿಯಾಗಿ ನಿಲ್ಲುತ್ತದೆ.

2009ರ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಏರುವಾಗ ಎಡಗಡೆಯ ದೀಪಗಳು ಕೆಂಪಗಾಗಿ ಮಂಕಾದವು. ಬಲಗಡೆಯದು ಚೆನ್ನಾಗಿಯೇ ಇತ್ತು. ಎಡಕ್ಕೆ ಕಂದಕ. ಜೊತೆಗೆ ಮಕ್ಕಳಿದ್ದರು. ಹೇಗೋ ಕೊಟ್ಟಿಗೆಹಾರ ತಲುಪಿದೆವು. ಮರುದಿನ ಊರಿಗೆ ಮರಳಿದವನೇ ನೆಟ್ಟಗೆ ಹೋದದ್ದು, ಹಿಂದಿನ ವಾರ ಕಾರಿನ ಹಾರ್ನ್ ಸರಿಮಾಡಿದ್ದ ಹುಡುಗನ ಬಳಿಗೆ. ಇಪ್ಪತ್ತು ತುಂಬಿರದ ಹುಡುಗ. ಅವನು ಮುಟ್ಟಿದ ಮೇಲೆಯೇ ಕಾರು ಕೆಟ್ಟಿತು ಎಂದು, ನಾಲ್ಕಾರು ಗಿರಾಕಿಗಳ ಮುಂದೆ, ಅವನ ಯಜಮಾನನ ಮುಂದೆ ಗದರಿಸಿದೆ. ಹಾರ್ನಿನ ಕೂಲಿಯಲ್ಲಿ ಬಾಕಿಯಿದ್ದುದನ್ನೂ ಕೊಡಲಿಲ್ಲ. ಅವನು ಏನನ್ನೂ ಹೇಳಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೋಡುತ್ತ ನಿಂತಿದ್ದ.

ಅನಂತರ ಬೇರೊಂದು ಊರಿನ ಹಿರಿಯ ವೈರ್‌ಮನ್ ಒಬ್ಬರಲ್ಲಿಗೆ ಕಾರನ್ನು ಒಯ್ದೆ. ಅವರು ಪರೀಕ್ಷಿಸಿದ ರೀತಿಯೇ ನನಗೊಂದು ಪಾಠವಾಯಿತು. ಮೊದಲು ಬಲ್ಬನ್ನು ಕಳಚಿ, ಬರಿಯ ತಂತಿಗೆ ಮಲ್ಟಿಮೀಟರ್ ಹಿಡಿದರು. ಹನ್ನೆರಡು ವೋಲ್ಟು ತುಂಬ ತೋರಿಸಿತು. ‘ತಂತಿ ಸರಿಯಿದೆಯಲ್ಲ!’ ಎಂದೆ. ಅವರು ನಕ್ಕು, ‘ಸುಮ್ಮನಿರುವಾಗ ಎಲ್ಲ ತಂತಿಯೂ ಒಳ್ಳೆಯದೇ. ಹೊರೆ ಬಿದ್ದಾಗ ನೋಡಬೇಕು’ ಎಂದರು. ಬಲ್ಬು ಹಾಕಿ, ಎಲ್ಲ ದೀಪಗಳನ್ನೂ ಉರಿಸಿ, ಮೀಟರಿನ ಒಂದು ತುದಿಯನ್ನು ದೀಪದ ಅರ್ಥ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಋಣಧ್ರುವಕ್ಕೂ ಹಿಡಿದರು. ಒಳ್ಳೆಯ ಸಂಪರ್ಕವಾದರೆ ಅಲ್ಲಿ 0.1, ಹೆಚ್ಚೆಂದರೆ 0.2 ವೋಲ್ಟು ಕಾಣಬೇಕು. ಎರಡು ವೋಲ್ಟಿಗಿಂತ ಹೆಚ್ಚು ಕಂಡಿತು.

ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದನ್ನು ವಿವರಿಸುತ್ತದೆ. ಪ್ರವಾಹವನ್ನು ಪ್ರತಿರೋಧದಿಂದ ಗುಣಿಸಿದಷ್ಟು ವೋಲ್ಟೇಜು ದಾರಿಯಲ್ಲಿ ನಷ್ಟವಾಗುತ್ತದೆ. ಪ್ರವಾಹವೇ ಇಲ್ಲದಿದ್ದರೆ ನಷ್ಟವೂ ಇಲ್ಲ. ತುಕ್ಕು ಎಷ್ಟೇ ಇದ್ದರೂ ಮೀಟರು ಅದನ್ನು ಕಾಣದು. ತುಕ್ಕು ಹಿಡಿದ ಬೋಲ್ಟಿನ ಪ್ರತಿರೋಧ ಒಂದು ಓಮ್‌ನ ಐದನೆಯ ಒಂದು ಭಾಗದಷ್ಟೇ ಇದ್ದರೂ, ಹತ್ತು ಆಂಪಿಯರ್ ಹರಿಯುವಾಗ ಎರಡು ವೋಲ್ಟು ಅಲ್ಲಿಯೇ ಕಳೆದು, ಇಪ್ಪತ್ತು ವ್ಯಾಟಿನ ಶಾಖವಾಗುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜು ಐದರಲ್ಲೊಂದು ಭಾಗ ಇಳಿದರೆ ಬೆಳಕು ಅರ್ಧದಷ್ಟಾಗಿಬಿಡುತ್ತದೆ. ಫಾಗ್ ಲ್ಯಾಂಪಿನ ಅರ್ಥ್ ತಂತಿಗಳನ್ನೂ ಅದೇ ಬೋಲ್ಟಿಗೆ ಕಟ್ಟಲಾಗಿತ್ತು. ಒಬ್ಬನ ದಾರಿಯಲ್ಲಿ ಮೂವರನ್ನು ನಡೆಸಿದ್ದೆ.

ಅವರು ಬೋಲ್ಟನ್ನು ಬಿಚ್ಚಿ, ತುಕ್ಕನ್ನು ಕೆರೆದು ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದರು. ಬಳಿಕ ಫ್ಯೂಸು ಪೆಟ್ಟಿಗೆಯ ಮುಚ್ಚಳ ತೆಗೆದರು. ತಾಮ್ರದ ತುಂಡನ್ನು ಇಕ್ಕುಳದಿಂದ ಹೊರಗೆಳೆದು ಅಂಗೈಯಲ್ಲಿಟ್ಟು, ‘ಇದನ್ನು ಹಾಕಿದವರು ಯಾರು?’ ಎಂದು ಕೇಳಿದರು. ಕೋಪದಿಂದಲ್ಲ, ತಿಳಿದುಕೊಳ್ಳಲೆಂದು. ಆ ಕ್ಷಣದಲ್ಲಿ ನನ್ನ ನಾಲಗೆಯ ತುದಿಗೆ ಬಂದದ್ದು ಆ ಹುಡುಗನ ಹೆಸರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆ ಹೆಸರನ್ನು ನಾನು ಹೇಳಲಿಲ್ಲ, ‘ನಾನೇ’ ಎಂದೆ. ಆದರೆ ಅದು ಬಂದದ್ದಂತೂ ನಿಜ.

ಓದುಗರೇ, ಹೊರೆ ಬೀಳದ ಹೊತ್ತಿನಲ್ಲಿ ನಮ್ಮೆಲ್ಲರ ಮೀಟರೂ ಹನ್ನೆರಡು ವೋಲ್ಟನ್ನೇ ತೋರಿಸುತ್ತದೆ. ನಾನು ನ್ಯಾಯವಂತನೆಂದೇ ನನ್ನ ಎಣಿಕೆಯಾಗಿತ್ತು. ಕಂದಕದ ಅಂಚಿನಲ್ಲಿ ಹೆದರಿದ ಮಾರನೆಯ ದಿನ, ಆ ಹೆದರಿಕೆಯನ್ನು ಇಳಿಸಿಕೊಳ್ಳಲು ನನಗೊಬ್ಬ ಅಪರಾಧಿ ಬೇಕಾಗಿದ್ದ. ಕೊನೆಗೆ ಮುಟ್ಟಿದವನು ಸಿಕ್ಕಿದ. ಮನೆಯಲ್ಲಿ, ಕಚೇರಿಯಲ್ಲಿ, ಸಂಘ-ಸಂಸ್ಥೆಗಳಲ್ಲಿ ನಡೆಯುವುದೂ ಇದೇ. ವರ್ಷಗಳ ತುಕ್ಕು ಒಂದು ದಿನ ಬಿರುಕಾಗಿ ಕಾಣಿಸಿಕೊಂಡಾಗ, ಆ ದಿನ ಅಲ್ಲಿದ್ದವನೇ ಹೊಣೆಗಾರನಾಗುತ್ತಾನೆ. ಹಳೆಯ ತಂತಿಯನ್ನು ಪರೀಕ್ಷಿಸುವವರು ಅನುಸರಿಸುವ ಕ್ರಮ ಇದಕ್ಕೆ ವಿರುದ್ಧವಾದುದು. ಅವರು ಯಾರನ್ನೂ ಮೊದಲೇ ಶಂಕಿಸುವುದಿಲ್ಲ. ಬ್ಯಾಟರಿಯಿಂದ ಹೊರಟು ಒಂದೊಂದೇ ಸಂಪರ್ಕವನ್ನು ಅಳೆಯುತ್ತ ಬರುತ್ತಾರೆ. ಅಳತೆ ಎಲ್ಲಿ ತಪ್ಪುತ್ತದೆಯೋ ಅಲ್ಲಿ ನಿಲ್ಲುತ್ತಾರೆ. ಊಹೆಯಿಂದ ಬಿಡಿಭಾಗಗಳನ್ನು ಬದಲಾಯಿಸುವವನು ಹಣವನ್ನಷ್ಟೇ ಕಳೆಯುತ್ತಾನೆ. ಊಹೆಯಿಂದ ಮನುಷ್ಯರನ್ನು ದೂರುವವನು ಕಳೆಯುವುದು ಇನ್ನೊಬ್ಬನ ಮಾನವನ್ನು.

ಆದರೂ ಒಂದು ವಾದ ನನ್ನೊಳಗೆ ಉಳಿದಿತ್ತು. ನಾಲ್ಕು ವರ್ಷ ಏನೂ ಆಗಲಿಲ್ಲವಲ್ಲ! ಬೆಂಕಿ ಹತ್ತಲಿಲ್ಲ, ಯಾರೂ ಗಾಯಗೊಳ್ಳಲಿಲ್ಲ. ಹಾಗಿದ್ದ ಮೇಲೆ ತಪ್ಪು ಎಷ್ಟರದು? 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ತತ್ತ್ವಜ್ಞಾನಿಗಳು ಈ ಗಂಟನ್ನು ಬಿಡಿಸಲು ಯತ್ನಿಸಿದರು. ನೇಗೆಲ್ ಕೊಡುವ ಉದಾಹರಣೆ ವಾಹನದ್ದೇ. ಬ್ರೇಕನ್ನು ಪರೀಕ್ಷಿಸಲು ಅಲಕ್ಷ್ಯ ಮಾಡಿದ ಲಾರಿ ಚಾಲಕನೊಬ್ಬನಿಗೆ ಮಗುವೊಂದು ಅಡ್ಡ ಬರುತ್ತದೆ. ಅವನು ಜೀವನಪರ್ಯಂತ ತನ್ನನ್ನು ದೂಷಿಸಿಕೊಳ್ಳುತ್ತಾನೆ. ಅಷ್ಟೇ ಅಲಕ್ಷ್ಯ ಮಾಡಿದ ಇನ್ನೊಬ್ಬನಿಗೆ ಯಾವ ಮಗುವೂ ಅಡ್ಡ ಬರುವುದಿಲ್ಲ. ಅವನು ನಿಶ್ಚಿಂತನಾಗಿ ಊಟಮಾಡಿ ಮಲಗುತ್ತಾನೆ. ಇಬ್ಬರ ಅಲಕ್ಷ್ಯವೂ ಒಂದೇ. ಭೇದವಿರುವುದು ಅವರ ಕೈಯಲ್ಲಿಲ್ಲದ ಸಂಗತಿಯಲ್ಲಿ. ಲೋಕವು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಬಹುಶಃ ತೂಗಲೂ ಆಗದು. ಆದರೆ ನಿಶ್ಚಿಂತನಾಗಿ ಮಲಗಿದವನು ತನ್ನನ್ನು ತಾನು ತೂಗಿಕೊಳ್ಳುವಾಗ ಅದೃಷ್ಟವನ್ನು ತನ್ನ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ‘ಏನೂ ಆಗಲಿಲ್ಲ’ ಎಂಬುದು ಕೃತಜ್ಞತೆಗೆ ಕಾರಣವಾಗಬಹುದೇ ಹೊರತು ಸಮರ್ಥನೆಯಾಗಲಾರದು.

ಅಲ್ಲದೆ, ಏನೂ ಆಗಲಿಲ್ಲ ಎಂಬುದೂ ನಿಜವಾಗಿರಲಿಲ್ಲ. ವೈರ್‌ಮನ್ ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಟಾರ್ಚು ಹಾಕಿ ತೋರಿಸಿದರು. ಹೆಚ್ಚಿನ ಪ್ರವಾಹದಿಂದ ಕಾದು ಕಾದು ತಂತಿಯ ಹೊದಿಕೆ ಗಡುಸಾಗಿ, ಬಾಗಿದಲ್ಲಿ ಸೀಳಿತ್ತು. ಪಕ್ಕದ ತಂತಿಗಳಿಗೂ ಅದು ಅಂಟಿಕೊಂಡಿತ್ತು. ‘ಸದ್ಯಕ್ಕೆ ಟೇಪು ಸುತ್ತಿದ್ದೇನೆ, ಫಾಗ್ ಲ್ಯಾಂಪಿಗೆ ರಿಲೇ ಕೊಟ್ಟಿದ್ದೇನೆ, ಸರಿಯಾದ ಫ್ಯೂಸು ಹಾಕಿದ್ದೇನೆ. ಆದರೆ ಈ ಕಟ್ಟನ್ನು ಪೂರ್ತಿ ಬದಲಾಯಿಸಬೇಕು’ ಎಂದರು. ಖರ್ಚು ಕೇಳಿ, ಮುಂದೆ ನೋಡೋಣ ಎಂದೆ. ಮುಂದೆ ನೋಡಲಿಲ್ಲ.

2011ರಲ್ಲಿ ಕಾರನ್ನು ಮಾರಲು ನಿಶ್ಚಯಿಸಿದೆ. ಒಬ್ಬ ತರುಣ ಬಂದ. ಅವನ ಮೊದಲ ಕಾರು. ಓಡಿಸಿ ನೋಡಿ, ಹಿಗ್ಗಿ, ‘ಎಲ್ಲ ಸರಿಯಿದೆಯಲ್ಲ ಸಾರ್?’ ಎಂದು ಕೇಳಿದ. ‘ಇಂಜಿನ್ ಬಹಳ ಒಳ್ಳೆಯದಿದೆ’ ಎಂದೆ. ಗಮನಿಸಿ: ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಮುಂಗಡ ಕೊಟ್ಟು ಹೋದ.

ಈ ಪ್ರಶ್ನೆ ಹೊಸದಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಬರೆದ, ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಒಂದು ಮನೆಯ ಮಾರಾಟವನ್ನು ಚರ್ಚಿಸುತ್ತಾನೆ. ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹಾವುಗಳು ಬರುತ್ತವೆ. ಇದು ಮಾರುವವನೊಬ್ಬನಿಗೇ ಗೊತ್ತು. ಸ್ಟೋಯಿಕ್ ಪಂಥದ ಡಯೋಜಿನಿಸ್, ‘ಕೊಳ್ಳೆಂದು ಬಲವಂತ ಮಾಡಿದರೇ? ನೋಡಿ ಕೊಳ್ಳುವುದು ಅವನ ಹೊಣೆ’ ಎಂಬ ಪಕ್ಷ ಹಿಡಿಯುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಗೊತ್ತಿದ್ದೂ ಹೇಳದಿರುವುದು ದಾರಿತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತಲೂ ಕೆಟ್ಟದ್ದೆಂದು ವಾದಿಸುತ್ತಾನೆ. ಸಿಸೆರೊನ ತೀರ್ಪು ಆಂಟಿಪೇಟರನ ಕಡೆಗೇ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಇದಕ್ಕೆ ಇನ್ನಷ್ಟು ಸ್ಪಷ್ಟವಾದ ಗೆರೆ ಎಳೆದರು. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಕೊಳ್ಳುವವನಿಗೂ ಕಾಣುತ್ತದೆ. ಬೆಲೆಯನ್ನು ತಕ್ಕಂತೆ ಇಳಿಸಿದರೆ ಸಾಕು, ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ದೋಷವು ಅಡಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟ ಅಥವಾ ಅಪಾಯವಿದ್ದರೆ ಮಾರುವವನು ಹೇಳಲೇಬೇಕು. ನನ್ನ ಕಾರಿನ ಬಣ್ಣ ಮಾಸಿದ್ದು ಒಕ್ಕಣ್ಣಿನ ಕುದುರೆ. ಡ್ಯಾಷ್‌ಬೋರ್ಡಿನಡಿಯ ತಂತಿ ಹಾಗಲ್ಲ.

ನಮ್ಮ ದೇಶದ ಕಾನೂನು ಇನ್ನೂ ಕುತೂಹಲಕರವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ವಿಧಿಯಲ್ಲಿಯೂ ಒಂದು ರೋಗಿಷ್ಠ ಕುದುರೆಯಿದೆ. ಹರಾಜಿನಲ್ಲಿ ಅದನ್ನು ಮಾರುವವನು ದೋಷದ ಬಗ್ಗೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ‘ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ, ಆ ಮೌನವೇ ಮಾತು. ಇನ್ನೊಂದು ಸಂದರ್ಭ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಆಗತಾನೇ ಪ್ರಾಯಕ್ಕೆ ಬಂದಿದ್ದರೆ, ಅವಳಿಗೆ ದೋಷವನ್ನು ತಿಳಿಸುವುದು ತಂದೆಯ ಕರ್ತವ್ಯ.

ಕಾನೂನು ಇಲ್ಲಿಗೆ ನಿಲ್ಲುತ್ತದೆ. ಅದರ ಕೆಲಸ ಅಷ್ಟೇ. ಆದರೆ ಈ ಭೇದವನ್ನು ಓದಿದ ಮೇಲೆ ಮನಸ್ಸು ಅಲ್ಲಿ ನಿಲ್ಲಲಾರದು. ಇದೇ ಕಾರನ್ನು ನನ್ನ ಮಗಳಿಗೆ ಕೊಡುವುದಾಗಿದ್ದರೆ ನಾನು ‘ಇಂಜಿನ್ ಒಳ್ಳೆಯದಿದೆ’ ಎಂದು ನಿಲ್ಲಿಸುತ್ತಿದ್ದೆನೇ? ಅವಳ ಕೈಹಿಡಿದು ಬಗ್ಗಿಸಿ, ಟಾರ್ಚು ಹಾಕಿ, ಸೀಳಿದ ಹೊದಿಕೆಯನ್ನು ತೋರಿಸದೆ ಬೀಗದ ಕೈಯನ್ನು ಕೊಡುತ್ತಿರಲಿಲ್ಲ. ಬೆಂಕಿಗೆ ನನ್ನ ಮಗಳೂ ಒಂದೇ, ಆ ತರುಣನೂ ಒಂದೇ. ಅವನೂ ಯಾರದೋ ಮಗ. ಅಪಾಯವು ಸಂಬಂಧವನ್ನು ಕೇಳಿ ಬರುವುದಿಲ್ಲವೆಂದ ಮೇಲೆ, ಅಪಾಯದ ಎಚ್ಚರಿಕೆಯನ್ನು ಸಂಬಂಧ ನೋಡಿ ಕೊಡುವುದು ಹೇಗೆ?

ಎಂಟು ದಿನಗಳ ಬಳಿಕ ಅವನನ್ನು ಕರೆಸಿದೆ. ತಾಮ್ರದ ತುಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮುಂಗಡವನ್ನು ಮೇಜಿನ ಮೇಲಿಟ್ಟೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಮೊದಲೇ ಕೇಳಿದ್ದೆನಲ್ಲ ಸಾರ್’ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಣ ತೆಗೆದುಕೊಂಡು ಹೊರಟುಹೋದ. ಸತ್ಯ ಹೇಳಿದ್ದಕ್ಕೆ ಮೆಚ್ಚುಗೆ ಸಿಗುವುದೆಂದು ಒಳಗೊಳಗೇ ಆಶಿಸಿದ್ದೆ. ಅವನು ಮೆಚ್ಚಲಿಲ್ಲ, ಮೆಚ್ಚಬೇಕಾಗಿಯೂ ಇರಲಿಲ್ಲ. ತಡವಾಗಿ ತೀರಿಸಿದ ಸಾಲಕ್ಕೆ ಬಹುಮಾನ ಕೇಳುವವರುಂಟೇ? ಬಳಿಕ ತಂತಿಯ ಕಟ್ಟನ್ನು ಪೂರ್ತಿ ಬದಲಾಯಿಸಿ, ಕಾರನ್ನು ಇನ್ನೊಬ್ಬರಿಗೆ ಕೊಟ್ಟೆ. ಖರ್ಚು ಕಳೆದು ಬಂದ ಹಣ ಮೊದಲಿನದಕ್ಕಿಂತ ಕಡಿಮೆಯೇ.

ಒಂದು ಬಾಕಿ ಮಾತ್ರ ಉಳಿದಿದೆ. ಹಾರ್ನ್ ಸರಿಮಾಡಿದ ಆ ಹುಡುಗನನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನು ಕೆಲಸ ಬಿಟ್ಟು ಊರನ್ನೂ ಬಿಟ್ಟಿದ್ದ. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಕೂಲಿಯ ಬಾಕಿಯನ್ನು ಅವನ ಯಜಮಾನನ ಕೈಯಲ್ಲಿ ಕೊಟ್ಟು, ಅಂದು ಬೈದದ್ದು ನನ್ನ ತಪ್ಪೆಂದು, ಅಲ್ಲಿದ್ದವರು ಕೇಳುವಂತೆ ಹೇಳಿ ಬಂದೆ. ಅಂದಿನ ಗಿರಾಕಿಗಳು ಅವರಲ್ಲ. ಮುಖ್ಯವಾಗಿ, ಅವನು ಅಲ್ಲಿರಲಿಲ್ಲ. ತಂತಿಯನ್ನು ಹತ್ತು ವರ್ಷಗಳ ಮೇಲೂ ಬದಲಾಯಿಸಬಹುದು. ಮನುಷ್ಯರ ನಡುವಿನ ಕೆಲವು ದುರಸ್ತಿಗಳಿಗೆ ಅಷ್ಟು ಕಾಲಾವಕಾಶವಿರುವುದಿಲ್ಲ.

ಆದುದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಹಳೆಯ ವಾಹನವಿದ್ದರೆ ಇಂದೇ ಅದರ ಫ್ಯೂಸು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ. ಫ್ಯೂಸಿನ ಜಾಗದಲ್ಲಿ ತಂತಿಯೋ ಸಿಗರೇಟಿನ ಹಾಳೆಯೋ ಇದ್ದರೆ ಕಿತ್ತು, ನಿಗದಿತ ಅಳತೆಯ ಫ್ಯೂಸನ್ನೇ ಹಾಕಿ. ಅದು ಮತ್ತೆ ಸುಟ್ಟರೆ ಬೈಯಬೇಡಿ. ಎಲ್ಲಿಯೋ ಏನೋ ತಪ್ಪಿದೆ ಎಂದು ಅದು ಹೇಳುತ್ತಿದೆ. ಆ ಮುಚ್ಚಳವನ್ನು ತೆಗೆದಾಗ, ಒಂದು ರಾತ್ರಿಗೆಂದು ಹಾಕಿ ಮರೆತ ಇನ್ನೇನಾದರೂ ನಿಮ್ಮ ನೆನಪಿಗೆ ಬಂದರೆ, ಅದನ್ನು ಹೇಳಬೇಕಾದ ಮನುಷ್ಯನು ಇನ್ನೂ ಊರಿನಲ್ಲಿರುವಾಗಲೇ ಹೋಗಿ ಹೇಳಿ.